ಶಾಲೆಯಲ್ಲೂ ನಮ್ಮದೊಂದು ಷೇರು ಇದೆ

ಸಂಘದ ವಾರ್ಷಿಕ ಸರ್ವಸದಸ್ಯರ ಸಭೆಗೆ ಬರುವ ನಮ್ಮ ಬೆಳೆಗಾರ ಬಂಧುಗಳು ಲೆಕ್ಕಪತ್ರವನ್ನು ಸಾಲು ಬಿಡದೆ ನೋಡುತ್ತಾರೆ. ಗೋದಾಮಿನ ಬಾಡಿಗೆ ಏಕೆ ಹೆಚ್ಚಾಯಿತು, ತೂಕದಲ್ಲಿ ಕಳೆತ ಎಷ್ಟು, ಮೈಲುತುತ್ತ ಮಳೆ ಹಿಡಿದ ಮೇಲೆ ಬಂದದ್ದೇಕೆ ಎಂದು ಎದ್ದು ನಿಂತು ಕೇಳುತ್ತಾರೆ. ಕೇಳಬೇಕಾದದ್ದೇ. ಷೇರು ಹಾಕಿದವನು ಕೇಳದಿದ್ದರೆ ಸಂಘ ಉಳಿಯುವುದಿಲ್ಲ. ಆದರೆ ಅದೇ ಸದಸ್ಯರನ್ನು, "ನಿಮ್ಮ ಮಗ ಕಳೆದ ತಿಂಗಳು ಎಷ್ಟು ದಿನ ಶಾಲೆಗೆ ಹೋದ? ಅವನ ಉಪಾಧ್ಯಾಯರ ಹೆಸರೇನು?" ಎಂದು ಕೇಳಿದರೆ ಉತ್ತರಕ್ಕಾಗಿ ಅಡುಗೆಮನೆಯ ಕಡೆ ತಿರುಗಿ ನೋಡುತ್ತಾರೆ. ಬೇರೆಯವರನ್ನು ಆಡಿಕೊಳ್ಳಲು ಈ ಮಾತು ಹೇಳುತ್ತಿಲ್ಲ. ನಾವೂ ಹಾಗೆ ತಿರುಗಿ ನೋಡಿದವರೇ.

"ಕೇಳದೆ ಸಾಲ ಕೆಟ್ಟಿತು, ಹೋಗದೆ ನಂಟು ಕೆಟ್ಟಿತು" ಎಂಬ ಗಾದೆ ನಮ್ಮಲ್ಲಿದೆ. ಶಾಲೆಯ ವಿಷಯದಲ್ಲಿ ನಾವು ಕೇಳುವುದನ್ನೂ ಬಿಟ್ಟಿದ್ದೇವೆ, ಹೋಗುವುದನ್ನೂ ಬಿಟ್ಟಿದ್ದೇವೆ. ಇದರಿಂದ ಆಗುತ್ತಿರುವ ನಷ್ಟವೇನು, ಕಾನೂನು ನಮಗೆ ಯಾವ ಸ್ಥಾನ ಕೊಟ್ಟಿದೆ, ತೋಟದ ಕೆಲಸದ ನಡುವೆ ಪಾಲಕರಾದ ನಾವು ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ.

ದೂರವಾದದ್ದು ಹೇಗೆ?

ಮಲೆನಾಡಿನ ಅನೇಕ ಹಳ್ಳಿಗಳಲ್ಲಿ ಶಾಲೆ ಊರಿನವರಿಂದಲೇ ಹುಟ್ಟಿತು. ಒಬ್ಬರು ಜಾಗ ಬಿಟ್ಟುಕೊಟ್ಟರು, ಇನ್ನೊಬ್ಬರು ಮರ ಕೊಟ್ಟರು, ಉಳಿದವರು ಕಲ್ಲು ಹೊತ್ತು ಹಂಚು ಹೊದಿಸಿದರು. ಮೇಷ್ಟ್ರಿಗೆ ಉಳಿಯಲು ಯಾರದೋ ಮನೆಯ ಚಾವಡಿ, ಊಟಕ್ಕೆ ಯಾರದೋ ಮನೆ. ಸಂಜೆ ಜಗಲಿಯ ಮೇಲೆ ಕುಳಿತಾಗ ಹುಡುಗ ಮಗ್ಗಿ ತಪ್ಪಿದ್ದು ತಂದೆಯ ಕಿವಿಗೆ ತಾನಾಗಿ ಬೀಳುತ್ತಿತ್ತು. ಅದಕ್ಕೆ ಬೇರೆ ಸಭೆ ಬೇಕಿರಲಿಲ್ಲ.

ಕಾಲ ಬದಲಾಯಿತು. ರಸ್ತೆ ಬಂತು, ಬಸ್ಸು ಬಂತು. ಉಪಾಧ್ಯಾಯರು ಪೇಟೆಯಲ್ಲಿ ಮನೆ ಮಾಡಿ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವರಾದರು. ಅದರಲ್ಲಿ ಅವರ ತಪ್ಪಿಲ್ಲ. ಅವರಿಗೂ ಸಂಸಾರವಿದೆ, ಅವರ ಮಕ್ಕಳಿಗೂ ಶಾಲೆ ಬೇಕು. ನಾವಾದರೋ ಬೆಳಕು ಹರಿಯುವ ಮೊದಲೇ ತೋಟಕ್ಕೆ ಇಳಿದು ಕತ್ತಲಾದ ಮೇಲೆ ಮನೆಗೆ ಬರುವವರು. ಹೀಗೆ ಒಂದೇ ಮಗುವನ್ನು ದಿನವಿಡೀ ನೋಡಿಕೊಳ್ಳುವ ಎರಡು ಕಡೆಯವರು ಪರಸ್ಪರ ಮುಖ ನೋಡದೆ ವರ್ಷ ಕಳೆಯುವಂತಾಯಿತು. ಈಗ ಶಾಲೆಯಿಂದ ಕರೆ ಬಂದರೆ, "ಹುಡುಗ ಏನು ಗಲಾಟೆ ಮಾಡಿದ?" ಎಂಬುದೇ ಮೊದಲ ಯೋಚನೆ. ನಾವು ಶಾಲೆಗೆ ಹೋದರೆ ಉಪಾಧ್ಯಾಯರಿಗೂ, "ಏನು ದೂರು ತಂದರೋ!" ಎಂಬುದೇ ಮೊದಲ ಯೋಚನೆ.

ಇದರ ಅಪಾಯವನ್ನು ಅರೇಬಿಕಾ ಬೆಳೆಯುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಬಿಳಿ ಕಾಂಡಕೊರಕದ ಹುಳು ಗಿಡದ ಒಳಗೆ ಸುರಂಗ ಕೊರೆಯುತ್ತಾ ಹೋಗುತ್ತದೆ. ಎಲೆ ಹಳದಿಯಾಗಿ ಗಿಡ ಬಾಡಿದಾಗ ನೋಡಿದರೆ ಕೆಲಸ ಮುಗಿದಿರುತ್ತದೆ. ಆದ್ದರಿಂದಲೇ ದುಂಬಿ ಹಾರುವ ಕಾಲಕ್ಕೆ ಮುಂಚೆ ಗಿಡಗಿಡವನ್ನೂ ಮುಟ್ಟಿ, ಕಾಂಡದ ಮೇಲೆ ಎದ್ದ ಏಣು ಗುರುತಿಸಿ ತೆಗೆಯುತ್ತೇವೆ. ಮೂರನೆಯ ತರಗತಿಯಲ್ಲಿ ಸರಿಯಾಗಿ ಓದಲು ಬಾರದ ಮಗು ಕೂಡ ಹೊರಗೆ ನೋಡಲು ಚೆನ್ನಾಗಿಯೇ ಇರುತ್ತದೆ. ಚೀಲ ಹೊತ್ತು ಹೋಗುತ್ತದೆ, ಬರುತ್ತದೆ, ವರ್ಷವೂ ಪಾಸಾಗುತ್ತದೆ. ಎಂಟನೆಯ ತರಗತಿಗೆ ಬಂದಾಗ, "ನನಗೆ ಶಾಲೆ ಬೇಡ" ಎನ್ನುತ್ತದೆ. ಆಗ ನಾವು ಬೆತ್ತ ಹುಡುಕುತ್ತೇವೆ. ಹುಳು ಹೊಕ್ಕದ್ದು ಐದು ವರ್ಷ ಹಿಂದೆ.

ಕಾನೂನು ಏನು ಹೇಳುತ್ತದೆ?

ಪಾಲಕರು ಶಾಲೆಗೆ ಅತಿಥಿಗಳಲ್ಲ, ಪಾಲುದಾರರು ಎಂಬುದು ಬರಿಯ ಉಪದೇಶದ ಮಾತಲ್ಲ. ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯ ಹಿನ್ನೆಲೆಯಲ್ಲಿ ೨೦೦೧ರಲ್ಲಿ ಕರ್ನಾಟಕ ಸರ್ಕಾರವು ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಏರ್ಪಡಿಸಿತು. ಜನ ಇದನ್ನು ಎಸ್‌ಡಿಎಂಸಿ ಎಂದು ಕರೆಯುತ್ತಾರೆ. ಅನಂತರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ ೨೦೦೯ರಲ್ಲಿ ಅಂಗೀಕಾರವಾಗಿ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಇದು ಅನ್ವಯಿಸುತ್ತದೆ. ಇದರಲ್ಲಿ ನಾವು ತಿಳಿದಿರಬೇಕಾದ ಅಂಶಗಳು ಇವು:

(೧) ಶಾಲೆಯ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ಅಲ್ಲಿ ಓದುವ ಮಕ್ಕಳ ತಂದೆ, ತಾಯಿ ಅಥವಾ ಪೋಷಕರೇ ಆಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ದುರ್ಬಲ ವರ್ಗದ ಮತ್ತು ಅವಕಾಶವಂಚಿತ ಮಕ್ಕಳ ಪಾಲಕರಿಗೆ ಅವರ ಸಂಖ್ಯೆಗೆ ತಕ್ಕ ಸ್ಥಾನ ಸಿಗಬೇಕು (೨೧ನೆಯ ಪ್ರಕರಣ). ಅನುದಾನಿತ ಶಾಲೆಗಳಲ್ಲಿ ಈ ಸಮಿತಿಗೆ ಸಲಹೆ ಕೊಡುವ ಅಧಿಕಾರ ಮಾತ್ರ ಇದೆ. ಅನುದಾನ ಪಡೆಯದ ಖಾಸಗಿ ಶಾಲೆಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

(೨) ಶಾಲೆಯ ಕೆಲಸ ನಡೆಯುತ್ತಿರುವುದನ್ನು ಗಮನಿಸುವುದು, ಬಂದ ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು, ಶಾಲೆಯ ಅಭಿವೃದ್ಧಿ ಯೋಜನೆಯನ್ನು ತಯಾರಿಸುವುದು ಸಮಿತಿಯ ಕೆಲಸ (೨೧ ಮತ್ತು ೨೨ನೆಯ ಪ್ರಕರಣ).

(೩) ಉಪಾಧ್ಯಾಯರು ಪಾಲಕರ ಸಭೆಯನ್ನು ಕ್ರಮವಾಗಿ ನಡೆಸಿ, ಮಗುವಿನ ಹಾಜರಿ, ಕಲಿಯುವ ಶಕ್ತಿ ಮತ್ತು ಕಲಿಕೆಯಲ್ಲಿ ಆದ ಪ್ರಗತಿಯನ್ನು ತಿಳಿಸಬೇಕು (೨೪ನೆಯ ಪ್ರಕರಣ). ಇದು ಖಾಸಗಿ ಶಾಲೆಯ ಉಪಾಧ್ಯಾಯರಿಗೂ ಅನ್ವಯಿಸುತ್ತದೆ.

(೪) ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯ (೧೦ನೆಯ ಪ್ರಕರಣ). ಹಕ್ಕನ್ನು ಕೇಳುವವರು ಇದನ್ನೂ ನೆನಪಿಡಬೇಕು.

ಇಷ್ಟೆಲ್ಲ ಕಾಗದದ ಮೇಲಿದ್ದರೂ ಅನೇಕ ಕಡೆ ಸಮಿತಿ ರಚನೆಯ ದಿನ ನಾಲ್ಕು ಜನ ಸೇರುತ್ತಾರೆ, "ನೀವೇ ಆಗಿಬಿಡಿ" ಎಂದು ಒಬ್ಬರನ್ನು ಅಧ್ಯಕ್ಷರನ್ನಾಗಿ ಮಾಡುತ್ತಾರೆ. ಆಮೇಲೆ ಪುಸ್ತಕ ಮನೆಗೆ ಬಂದಾಗ ರುಜು ಹಾಕುವುದಷ್ಟೇ ಉಳಿಯುತ್ತದೆ. ಸಂಘದ ನಡವಳಿ ಪುಸ್ತಕಕ್ಕೆ ಓದದೆ ರುಜು ಹಾಕುವ ನಿರ್ದೇಶಕರನ್ನು ನಾವು ಎಷ್ಟು ದಿನ ಸಹಿಸುತ್ತೇವೆ? ಶಾಲೆಯ ಪುಸ್ತಕಕ್ಕೂ ಅದೇ ಅಳತೆ ಇರಲಿ.

ಏನು ಕೇಳಬೇಕು, ಏನು ಹೇಳಬೇಕು?

ಶಾಲೆಗೆ ಹೋದ ಪಾಲಕರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: "ನಮ್ಮ ಹುಡುಗ ಹೇಗಿದ್ದಾನೆ, ಸಾರ್?" ಅದಕ್ಕೆ ಬರುವುದೂ ಒಂದೇ ಉತ್ತರ: "ಪರವಾಗಿಲ್ಲ, ಸ್ವಲ್ಪ ಗಮನ ಕೊಡಬೇಕು." ಇಬ್ಬರೂ ತಲೆ ಆಡಿಸಿ ಬೀಳ್ಕೊಳ್ಳುತ್ತಾರೆ. ಇದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಬದಲಿಗೆ ಮೂರು ಪ್ರಶ್ನೆ ಕೇಳೋಣ.

ಮೊದಲನೆಯದು, ಈ ತಿಂಗಳು ಶಾಲೆ ನಡೆದ ದಿನ ಎಷ್ಟು, ಮಗು ಬಂದ ದಿನ ಎಷ್ಟು? ಕಾಯ್ದೆಯ ಪ್ರಕಾರ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ ೨೦೦ ದಿನ, ಆರರಿಂದ ಎಂಟರವರೆಗೆ ೨೨೦ ದಿನ ಪಾಠ ನಡೆಯಬೇಕು. ವಾರಕ್ಕೊಂದು ದಿನ ತಪ್ಪಿದರೆ ಹೆಚ್ಚೇನೂ ಅಲ್ಲ ಎನಿಸುತ್ತದೆ. ವರ್ಷದ ಕೊನೆಗೆ ಅದು ಒಂದೂವರೆ ತಿಂಗಳ ಪಾಠವಾಗಿರುತ್ತದೆ.

ಎರಡನೆಯದು, ಮಗು ತನ್ನ ತರಗತಿಯ ಪುಸ್ತಕದ ಒಂದು ಪುಟವನ್ನು ತಾನೇ ಓದಿ ಅರ್ಥ ಹೇಳುತ್ತದೆಯೇ? ತರಗತಿಗೆ ತಕ್ಕ ಲೆಕ್ಕ ಮಾಡುತ್ತದೆಯೇ? ಉಪಾಧ್ಯಾಯರ ಎದುರಿನಲ್ಲಿಯೇ ಓದಿಸಿ ನೋಡಬಹುದು. ಅಂಕಪಟ್ಟಿಗಿಂತ ಇದು ಹೆಚ್ಚು ಹೇಳುತ್ತದೆ.

ಮೂರನೆಯದು, ಮಗು ಯಾವುದರಲ್ಲಿ ಮುಂದಿದೆ, ಯಾರ ಜೊತೆ ಕೂರುತ್ತದೆ, ಎಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ? ಮನೆಯಲ್ಲಿ ಬಾಯಿ ಬಿಡದ ಹುಡುಗಿ ಶಾಲೆಯಲ್ಲಿ ಹಾಡು ಹೇಳುತ್ತಿರಬಹುದು. ಮನೆಯಲ್ಲಿ ಹುಲಿಯಾದ ಹುಡುಗ ಅಲ್ಲಿ ಹಿಂದಿನ ಬೆಂಚಿನ ಮೂಲೆ ಹಿಡಿದಿರಬಹುದು.

ಕೇಳುವಷ್ಟೇ ಹೇಳುವುದೂ ಮುಖ್ಯ. ಮಗು ಮಳೆಗಾಲದಲ್ಲಿ ಎಷ್ಟು ದೂರ ನಡೆದು ಬರುತ್ತದೆ, ದಾರಿಯಲ್ಲಿ ಹಳ್ಳ ಇದೆಯೇ, ಸಂಕ ಗಟ್ಟಿಯಾಗಿದೆಯೇ, ರಾತ್ರಿ ಉಬ್ಬಸ ಬರುತ್ತದೆಯೇ, ದೂರದ್ದು ಕಾಣುವುದಿಲ್ಲವೇ, ಮನೆಯಲ್ಲಿ ಸಾವುನೋವು ನಡೆದಿದೆಯೇ ಎಂಬುದನ್ನು ಉಪಾಧ್ಯಾಯರು ತಾವಾಗಿ ತಿಳಿಯಲಾರರು. ನಮ್ಮ ಕಡೆಯ ಒಬ್ಬ ಹುಡುಗ ಇಡೀ ವರ್ಷ "ದಡ್ಡ" ಎನಿಸಿಕೊಂಡ. ಬೋರ್ಡಿನ ಅಕ್ಷರ ಅವನಿಗೆ ಕಾಣುತ್ತಿರಲಿಲ್ಲ. ತಾಯಿಗೆ ಅವನು ಟೀವಿಯ ಮುಂದೆ ಮೂಗು ತಾಗಿಸಿ ಕೂರುವುದು ಗೊತ್ತಿತ್ತು. ಉಪಾಧ್ಯಾಯಿನಿಗೆ ಅವನು ಪಕ್ಕದವನ ಪುಸ್ತಕ ನೋಡಿ ಬರೆಯುವುದು ಗೊತ್ತಿತ್ತು. ಇಬ್ಬರೂ ಹತ್ತು ನಿಮಿಷ ಎದುರುಬದುರು ಕುಳಿತಿದ್ದರೆ ಕನ್ನಡಕ ಒಂದು ವರ್ಷ ಮೊದಲೇ ಬರುತ್ತಿತ್ತು.

"ನಮಗೇ ಓದು ಬಾರದು, ನಾವೇನು ನೋಡುವುದು?" ಎಂಬ ಸಂಕೋಚ ಕೆಲವು ತಾಯಂದಿರಿಗಿದೆ. ಓದು ಬಾರದಿದ್ದರೂ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇವತ್ತಿನ ಪಾಠ ನನಗೆ ಹೇಳು" ಎನ್ನಬಹುದು. ಅಡಿಕೆ ಸುಲಿದ ಡಬ್ಬದ ಲೆಕ್ಕ, ಹಾಲಿನ ಲೆಕ್ಕ, ಸಂತೆಯ ಚೀಟಿ ಮಗುವಿನ ಕೈಯಲ್ಲೇ ಬರೆಸಬಹುದು. ತಡವರಿಸಿದರೆ ಅದು ತಾಯಿಗೆ ಕೂಡಲೇ ತಿಳಿಯುತ್ತದೆ. ೨೦೨೦ರಲ್ಲಿ ಕೋವಿಡ್ ಕಾರಣ ಶಾಲೆ ಮುಚ್ಚಿದಾಗ ಆಗಸ್ಟ್ ತಿಂಗಳಲ್ಲಿ "ವಿದ್ಯಾಗಮ" ಎಂಬ ಹೆಸರಿನಲ್ಲಿ ಉಪಾಧ್ಯಾಯರೇ ಊರೂರಿಗೆ ಬಂದು ದೇವಸ್ಥಾನದ ಜಗಲಿಯಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೆ ಆ ಎರಡು ತಿಂಗಳಲ್ಲಿ ತಮ್ಮ ಮಗು ಓದುವುದನ್ನು ಮೊದಲ ಸಲ ಕಿವಿಯಾರೆ ಕೇಳಿದ ತಂದೆಯರು ನಮ್ಮಲ್ಲಿದ್ದಾರೆ. ಉಪಾಧ್ಯಾಯರೂ ಮೊದಲ ಸಲ ಮಗುವಿನ ಮನೆ ನೋಡಿದರು.

ಇನ್ನು ಮಾಡಬಾರದ ಕೆಲಸಗಳೂ ಇವೆ. ಮಗುವಿನ ಎದುರಿಗೆ ಉಪಾಧ್ಯಾಯರನ್ನು ಹಗುರವಾಗಿ ಆಡಬಾರದು. "ನಾಲ್ಕು ಬಾರಿಸಿ, ಬುದ್ಧಿ ಬರಲಿ" ಎಂದು ಅವರಿಗೆ ಅಪ್ಪಣೆ ಕೊಡಬಾರದು. ಹೊಡೆಯುವುದನ್ನು ಕಾಯ್ದೆಯ ೧೭ನೆಯ ಪ್ರಕರಣ ನಿಷೇಧಿಸಿದೆ. ತಕರಾರು ಇದ್ದರೆ ಮೊದಲು ತರಗತಿಯ ಉಪಾಧ್ಯಾಯರ ಬಳಿ, ಆಮೇಲೆ ಮುಖ್ಯೋಪಾಧ್ಯಾಯರ ಬಳಿ, ಆಮೇಲೆ ಸಮಿತಿಯಲ್ಲಿ ಹೇಳಬೇಕು. ಬಸ್ ಸ್ಟ್ಯಾಂಡಿನಲ್ಲಿ ಆಡಿದ ದೂರಿನಿಂದ ಯಾವ ಶಾಲೆಯೂ ಸುಧಾರಿಸಿದ್ದಿಲ್ಲ.

ತೋಟದ ಕೆಲಸ, ಶಾಲೆಯ ಸಭೆ

"ಸಭೆ ಕರೆದರೆ ಪಾಲಕರು ಬರುವುದಿಲ್ಲ" ಎಂಬುದು ಉಪಾಧ್ಯಾಯರ ದೂರು. "ನಮಗೆ ಬಿಡುವಿಲ್ಲದ ಹೊತ್ತಿಗೇ ಕರೆಯುತ್ತಾರೆ" ಎಂಬುದು ನಮ್ಮ ದೂರು. ಎರಡೂ ನಿಜ. ಔಷಧಿ ಹೊಡೆಯಲು ಬಿಸಿಲು ಕಾಯುತ್ತಾ ಕುಳಿತವನಿಗೆ ಬಿಸಿಲು ಬಿದ್ದ ದಿನವೇ ಬೆಳಿಗ್ಗೆ ಹತ್ತು ಗಂಟೆಗೆ ಸಭೆ ಎಂದರೆ ಅವನು ಬರಲಾರ. ಆದ್ದರಿಂದ ವರ್ಷದ ಆರಂಭದಲ್ಲೇ ಸಮಿತಿಯಲ್ಲಿ ಕುಳಿತು ನಮ್ಮ ಕೆಲಸಕ್ಕೆ ಹೊಂದುವಂತೆ ದಿನ ಗೊತ್ತು ಮಾಡಿಕೊಳ್ಳುವುದು ಲೇಸು. ಒಂದು ಮಾದರಿ ಇಲ್ಲಿದೆ:

ಜೂನ್: ಶಾಲೆ ಆರಂಭವಾದ ಎರಡು ವಾರದೊಳಗೆ ಮೊದಲ ಸಭೆ. ಪುಸ್ತಕ, ಸಮವಸ್ತ್ರ ಬಂದಿದೆಯೇ, ಹಂಚು ಸೋರುತ್ತದೆಯೇ, ಮಕ್ಕಳು ಬರುವ ದಾರಿಯ ಹಳ್ಳ ದಾಟುವುದು ಹೇಗೆ ಎಂಬ ವಿಷಯಗಳು. ದಾರಿ ಮತ್ತು ಸಂಕದ ವಿಷಯವನ್ನು ಬರವಣಿಗೆಯಲ್ಲಿ ಗ್ರಾಮ ಪಂಚಾಯಿತಿಗೆ ಕೊಡಬೇಕು.

ಸೆಪ್ಟೆಂಬರ್: ಕೊಳೆರೋಗದ ಔಷಧಿ ಮುಗಿದು, ಕೊನೆ ಕೊಯ್ಲು ಜೋರಾಗುವ ಮೊದಲು, ದಸರಾ ರಜೆಗೆ ಮುಂಚೆ. ಇದು ಎಲ್ಲಕ್ಕಿಂತ ಮುಖ್ಯವಾದ ಸಭೆ. ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿದರೆ ಸರಿಪಡಿಸಲು ಇನ್ನೂ ಅರ್ಧ ವರ್ಷ ಉಳಿದಿರುತ್ತದೆ.

ಡಿಸೆಂಬರ್ ಮತ್ತು ಜನವರಿ: ಕಾಫಿ ಹಣ್ಣು, ಅಡಿಕೆ ಸುಲಿತ ಎರಡೂ ಸೇರಿ ಉಸಿರು ಬಿಡಲು ಹೊತ್ತಿಲ್ಲ. ಆಗ ದೊಡ್ಡ ಸಭೆ ಬೇಡ. ಶನಿವಾರ ಅರ್ಧ ದಿನದ ಶಾಲೆ ಮುಗಿಯುವ ಹೊತ್ತಿಗೆ, ಸಂತೆಗೆ ಹೋಗುವ ದಾರಿಯಲ್ಲಿ ಹತ್ತು ನಿಮಿಷ ಇಳಿದು ಹಾಜರಿ ಕೇಳಿದರೆ ಸಾಕು.

ಫೆಬ್ರವರಿ ಕೊನೆ: ಪರೀಕ್ಷೆಗೆ ಮುಂಚಿನ ಸಭೆ. ಏಳು, ಎಂಟನೆಯ ತರಗತಿಯ ಮಕ್ಕಳು ಮುಂದೆ ಎಲ್ಲಿಗೆ ಹೋಗುತ್ತಾರೆ, ಪ್ರೌಢಶಾಲೆಗೆ ಬಸ್ಸಿದೆಯೇ, ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಸಿಗುತ್ತದೆಯೇ ಎಂಬ ಚರ್ಚೆ. ಬಸ್ಸಿಲ್ಲವೆಂದು ಹುಡುಗಿಯ ಓದು ನಿಲ್ಲುವುದು ಜೂನ್ ತಿಂಗಳಲ್ಲಿ. ಅದನ್ನು ತಪ್ಪಿಸಬೇಕಾದದ್ದು ಫೆಬ್ರವರಿಯಲ್ಲಿ.

ಬಿಸಿಯೂಟದ ವಿಷಯ ಎಲ್ಲ ತಿಂಗಳಿಗೂ ಸೇರಿದ್ದು. ಅಕ್ಷರ ದಾಸೋಹ ೨೦೦೨ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದೆಡೆಗೆ ಬಂತು. ತಾಯಂದಿರು ಸರದಿಯಂತೆ ವಾರಕ್ಕೊಬ್ಬರು ಹೋಗಿ ಅಕ್ಕಿ ಬೇಳೆ ನೋಡಿ, ಊಟದ ರುಚಿ ನೋಡಿ ಬಂದರೆ ಅಡುಗೆಯವರಿಗೂ ಹುರುಪು, ನಮಗೂ ಸಮಾಧಾನ. ಅನೇಕ ತಾಯಂದಿರಿಗೆ ಶಾಲೆಯ ಬಾಗಿಲು ಮೊದಲು ತೆರೆಯುವುದು ಅಡುಗೆಮನೆಯ ಕಡೆಯಿಂದಲೇ.

ಲೈನ್ ಮನೆಯ ಮಕ್ಕಳು

ಪಾಲಕರೆಂದರೆ ನಾವಷ್ಟೇ ಅಲ್ಲ. ಕೊಯ್ಲಿನ ಕಾಲದಲ್ಲಿ ಬಯಲುಸೀಮೆಯಿಂದ, ಅಸ್ಸಾಮಿನಂಥ ದೂರದ ರಾಜ್ಯಗಳಿಂದ ಕುಟುಂಬಗಳು ಬರುತ್ತವೆ. ಹಣ್ಣು ಬಿಡಿಸುವ ಕೂಲಿ ಹಲವು ಕಡೆ ಕಿಲೋ ಲೆಕ್ಕದಲ್ಲಿರುವುದರಿಂದ ಮನೆಯ ಒಂದು ಕೈ ಹೆಚ್ಚಾದರೆ ಆ ದಿನದ ದುಡ್ಡೂ ಹೆಚ್ಚು. ಆ ಕೈ ಒಂಬತ್ತು ವರ್ಷದ ಹುಡುಗಿಯದೂ ಆಗಿಬಿಡುತ್ತದೆ. ಇಲ್ಲವೇ ಅವಳು ಲೈನ್ ಮನೆಯಲ್ಲಿ ತಮ್ಮನನ್ನು ಎತ್ತಿಕೊಂಡು ಕೂರುತ್ತಾಳೆ. ನಾವು ನೋಡಿಯೂ ನೋಡದಂತೆ ಮುಂದೆ ಹೋಗುತ್ತೇವೆ.

೧೯೮೬ರ ಬಾಲಕಾರ್ಮಿಕ ಕಾಯ್ದೆಗೆ ೨೦೧೬ರಲ್ಲಿ ತಿದ್ದುಪಡಿಯಾದ ಮೇಲೆ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಸ್ವಂತ ಮನೆಯ ಅಪಾಯವಿಲ್ಲದ ಕೆಲಸದಲ್ಲಿ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ನೆರವಾಗುವುದಕ್ಕೆ ಮಾತ್ರ ಅವಕಾಶವಿದೆ. ಕೊಯ್ಲಿನ ದಿನ ಶಾಲೆ ತಪ್ಪಿಸಿ ಮಕ್ಕಳನ್ನು ತೋಟಕ್ಕೆ ಕರೆಯುವಂತಿಲ್ಲ. ಇದು ನಮ್ಮ ಮಕ್ಕಳಿಗೂ ಅನ್ವಯಿಸುತ್ತದೆ. ೧೯೫೧ರಲ್ಲಿ ಬಂದ ತೋಟ ಕಾರ್ಮಿಕರ ಕಾಯ್ದೆಯು ದೊಡ್ಡ ಎಸ್ಟೇಟುಗಳಲ್ಲಿ ಕಾರ್ಮಿಕರ ಮಕ್ಕಳ ಸಂಖ್ಯೆ ೨೫ ದಾಟಿದರೆ ಓದಿನ ಏರ್ಪಾಡು ಆಗಬೇಕೆಂದಿತ್ತು. ಮೂರೆಕರೆ, ಐದೆಕರೆಯ ನಮ್ಮಂಥವರನ್ನು ಅದು ಮುಟ್ಟಲಿಲ್ಲ. ಹಾಗಾಗಿ ನಮ್ಮಲ್ಲಿಗೆ ಬರುವ ಮಕ್ಕಳಿಗೆ ಊರಿನ ಶಾಲೆಯೇ ಗತಿ.

ಆ ಶಾಲೆಯ ಬಾಗಿಲು ಅವರಿಗೆ ತೆರೆದೇ ಇದೆ. ವರ್ಷದ ನಡುವೆ ಬಂದರೂ, ವರ್ಗಾವಣೆ ಪತ್ರ ಇಲ್ಲದಿದ್ದರೂ, ಜನನ ಪ್ರಮಾಣಪತ್ರ ಇಲ್ಲದಿದ್ದರೂ ಸೇರಿಸಿಕೊಳ್ಳಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಓದು ತಪ್ಪಿದ್ದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ವಲಸೆ ಬಂದವರ ಮಕ್ಕಳ ಪ್ರವೇಶವನ್ನು ನೋಡಿಕೊಳ್ಳುವುದು ಸ್ಥಳೀಯ ಸಂಸ್ಥೆಯ ಹೊಣೆ. ಆದರೆ ನಿನ್ನೆ ಲಾರಿ ಇಳಿದ ತಾಯಿಗೆ ಇದು ಗೊತ್ತಿರುವುದಿಲ್ಲ, ಭಾಷೆಯೂ ಬಾರದು. ಮುಖ್ಯೋಪಾಧ್ಯಾಯರಿಗೆ ಯಾರ ತೋಟಕ್ಕೆ ಎಷ್ಟು ಮಕ್ಕಳು ಬಂದಿದ್ದಾರೆಂದು ತಿಳಿಯದು. ಎರಡೂ ಗೊತ್ತಿರುವವರು ನಾವು. ಆಳುಗಳು ಬಂದ ವಾರದಲ್ಲೇ ಮೇಸ್ತ್ರಿಯ ಹತ್ತಿರ ಮಕ್ಕಳ ಹೆಸರು, ವಯಸ್ಸು ಬರೆಸಿಕೊಂಡು ಶಾಲೆಗೆ ಕೊಟ್ಟು, ಮೊದಲ ದಿನ ಒಬ್ಬರು ಜೊತೆಗೆ ಹೋಗಿ ಬಿಟ್ಟು ಬಂದರೆ ಅರ್ಧ ಕೆಲಸ ಆದಂತೆ.

ವ್ಯಾನು ಬಂದ ಮೇಲೆ

ಕೊನೆಯದಾಗಿ, ಹೇಳಲು ಕಷ್ಟವಾದ ಒಂದು ಮಾತು. ಬೆಳಿಗ್ಗೆ ಏಳೂವರೆಗೆ ಪೇಟೆಯ ಶಾಲೆಯ ವ್ಯಾನು ನಮ್ಮ ಗೇಟಿನ ಮುಂದೆ ನಿಲ್ಲುತ್ತದೆ. ನಮ್ಮಲ್ಲಿ ಶಕ್ತಿ ಇದ್ದವರ, ಸಾಲ ಮಾಡಿಯಾದರೂ ಕಳಿಸುವವರ ಮಕ್ಕಳು ಅದರಲ್ಲಿ ಹೋಗುತ್ತಾರೆ. ಊರ ಶಾಲೆಯಲ್ಲಿ ಉಳಿದವರು ಹದಿನೈದೋ ಇಪ್ಪತ್ತೋ ಮಕ್ಕಳು, ಹೆಚ್ಚಿನವರು ಕೂಲಿ ಮಾಡುವವರ ಮನೆಯವರು. ಸಮಿತಿಯಲ್ಲಿರುವ ತಾಯಂದಿರು ಒಂದು ದಿನದ ಕೂಲಿ ಬಿಟ್ಟು ಸಭೆಗೆ ಬರಬೇಕು. ಬಂದರೂ ಅಧಿಕಾರಿಗಳ ಎದುರು ಮಾತಾಡಲು ಹಿಂಜರಿಯುತ್ತಾರೆ. ಮಕ್ಕಳ ಸಂಖ್ಯೆ ಕಡಿಮೆ ಎಂದು ಒಬ್ಬ ಉಪಾಧ್ಯಾಯರು ಬೇರೆಡೆಗೆ ಹೋಗುತ್ತಾರೆ. ಒಬ್ಬರೇ ಉಳಿದರು ಎಂದು ಇನ್ನೂ ನಾಲ್ಕು ಮಕ್ಕಳು ಬಿಡುತ್ತಾರೆ. ಹೀಗೆ ಊರಿನವರು ಕಟ್ಟಿದ ಶಾಲೆಗೆ ಒಂದು ದಿನ ಬೀಗ ಬೀಳುತ್ತದೆ.

೧೯೬೪ರಿಂದ ೬೬ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ, ಬಡವ ಬಲ್ಲಿದ ಎನ್ನದೆ ಎಲ್ಲ ಮಕ್ಕಳೂ ಒಟ್ಟಿಗೆ ಓದುವ ನೆರೆಹೊರೆಯ ಶಾಲೆ ಬೇಕೆಂದು ಹೇಳಿತ್ತು. ಅದು ಕೈಗೂಡಲಿಲ್ಲ. ಯಾರ ಮಗು ಎಲ್ಲಿ ಓದಬೇಕೆಂದು ಹೇಳುವ ಅಧಿಕಾರ ನಮಗಿಲ್ಲ. ಆ ಆಯ್ಕೆ ತಂದೆತಾಯಿಗಳದು. ಆದರೆ ಎರಡು ಮಾತು ಹೇಳಬಹುದು. ವ್ಯಾನಿಗೆ ಹತ್ತಿಸಿದೊಡನೆ ಪಾಲಕರ ಕೆಲಸ ಮುಗಿಯುವುದಿಲ್ಲ. ಫೀಸು ಕಟ್ಟಿದ ರಸೀದಿ ಪ್ರಗತಿಪತ್ರವಲ್ಲ. ಮೇಲೆ ಹೇಳಿದ ಮೂರು ಪ್ರಶ್ನೆಗಳನ್ನು ಅಲ್ಲಿಯೂ ಕೇಳಬೇಕು. ಎರಡನೆಯದು, ನಮ್ಮ ಮಗು ಊರ ಶಾಲೆಯಲ್ಲಿ ಇಲ್ಲದಿದ್ದರೂ ಆ ಶಾಲೆ ನಮ್ಮದೇ. ಅರವತ್ತರವರೆಗೆ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಉಪಾಧ್ಯಾಯರು ಇರಬೇಕೆಂದು ಕಾಯ್ದೆಯ ಅನುಸೂಚಿ ಹೇಳುತ್ತದೆ. ಈ ಬೇಡಿಕೆಯನ್ನು ಬರೆದುಕೊಡಲು, ಗ್ರಾಮಸಭೆಯಲ್ಲಿ ಎದ್ದು ನಿಂತು ಓದಲು ಸಮಿತಿಯ ತಾಯಂದಿರ ಪಕ್ಕದಲ್ಲಿ ನಾವು ನಿಲ್ಲಬಹುದು. ಅವರ ಬದಲಿಗೆ ಅಲ್ಲ, ಪಕ್ಕದಲ್ಲಿ. ಸಮಿತಿ ಸಭೆಗೆ ಹೋಗುವ ಆಳಿಗೆ ಆ ಹೊತ್ತಿನ ಕೂಲಿ ಹಿಡಿಯದಿರುವುದೂ ನಮ್ಮ ಕೈಯಲ್ಲೇ ಇದೆ. ಅರ್ಧ ದಿನದ ಕೂಲಿಯಿಂದ ತೋಟ ಮುಳುಗುವುದಿಲ್ಲ.

ಒಬ್ಬನೇ ಮಾರಿದಾಗ ಸಿಗದ ಬೆಲೆ ಹತ್ತು ಜನ ಕೂಡಿ ಮಾರಿದಾಗ ಸಿಗುತ್ತದೆ ಎಂಬ ನಂಬಿಕೆಯಿಂದ ನಾವು ಸಂಘ ಕಟ್ಟಿಕೊಂಡೆವು. ಪಾಲಕ ಒಬ್ಬನೇ ಮಗುವನ್ನು ಓದಿಸಲಾರ, ಉಪಾಧ್ಯಾಯರೊಬ್ಬರೇ ಓದಿಸಲಾರರು. ಈ ಸಂಚಿಕೆ ಕೈಗೆ ಬಂದ ವಾರದಲ್ಲಿ, ಸಂಘಕ್ಕೆ ಬರುವ ದಾರಿಯಲ್ಲೋ ಸಂತೆಯಿಂದ ಮರಳುವಾಗಲೋ, ಒಮ್ಮೆ ಶಾಲೆಯ ಕಡೆ ಹೆಜ್ಜೆ ಹಾಕಿ. ಕರೆ ಬರಲಿ ಎಂದು ಕಾಯಬೇಡಿ, ದೂರು ಹೇಳಲೆಂದೂ ಹೋಗಬೇಡಿ. ಹಾಜರಿ ಪುಸ್ತಕದಲ್ಲಿ ನಿಮ್ಮ ಮಗುವಿನ ಸಾಲು ಒಂದನ್ನು ನೋಡಿ ಬನ್ನಿ. ಮುಂದಿನ ಮಾತು ಅಲ್ಲಿಂದ ತಾನಾಗಿಯೇ ಹುಟ್ಟುತ್ತದೆ.